ಸಿಎಜಿಗೆ ಯಾರನ್ನೂ ಜೈಲಿಗೆ ಹಾಕುವ ಅಧಿಕಾರ ಇಲ್ಲ, ಹಾಗಾದರೆ ಇರುವುದೇನು?

ಸಿಎಜಿ ಅಂದರೆ ಸರ್ಕಾರಗಳ ಖರ್ಚಿನ ಲೆಕ್ಕ ಪರಿಶೀಲಿಸುವ ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು. ಅವರ ಬಗ್ಗೆ ನೀವು ಕೇಳಿದ್ದು ಎರಡು ಪ್ರಶ್ನೆ. ಕೋಟಿಗಟ್ಟಲೆ ಹಣ ಪೋಲಾಗಿದೆ ಅಂತ ಸಿಎಜಿ ವರದಿಯಲ್ಲಿ ಬಂದರೂ ಯಾರ ಮೇಲೂ ಯಾಕೆ ಕ್ರಮ ಆಗುವುದಿಲ್ಲ ಅನ್ನುವುದು ಒಂದು. ನಿಮ್ಮೂರಿನ ಗ್ರಾಮ ಪಂಚಾಯಿತಿ ಮಾಡಿಸಿದ ರಸ್ತೆಯ ಬಗ್ಗೆ ಸಿಎಜಿಗೇ ದೂರು ಬರೆದರೆ ಏನಾದರೂ ಆಗುತ್ತಾ ಅನ್ನುವುದು ಇನ್ನೊಂದು. ನಾನು ಆಡಿಟರ್ ಅಲ್ಲ. ರಾಜ್ಯ ಸರ್ಕಾರದ ಒಂದು ಕಚೇರಿಯ ಲೆಕ್ಕ ಶಾಖೆಯಲ್ಲಿ ಬಹಳ ವರ್ಷ ಕೂತು, ಸಿಎಜಿ ಕೆಳಗೆ ಬರುವ ಎಜಿ ಆಫೀಸಿನಿಂದ (ಮಹಾಲೇಖಪಾಲರ ಕಚೇರಿ) ಬಂದ ಆಡಿಟ್ ಪಾರ್ಟಿಗಳಿಗೆ ಕಡತ ಒದಗಿಸಿ, ಅವರು ಬರೆದ ಪ್ಯಾರಾಗಳಿಗೆ, ಅಂದರೆ ಆಕ್ಷೇಪಣೆಗಳಿಗೆ, ಉತ್ತರ ಬರೆದವನು.

ಸಿಎಜಿ ನೋಡಬಹುದು, ಕೇಳಬಹುದು, ಬರೆಯಬಹುದು. ಬಂಧಿಸುವುದು, ದಂಡ ಹಾಕುವುದು, ಹಣ ವಸೂಲಿ ಮಾಡುವುದು ಅವರ ಕೈಯಲ್ಲಿಲ್ಲ. ಹೆಸರಿನಲ್ಲಿ 'ಲೆಕ್ಕ ನಿಯಂತ್ರಕ' ಅಂತ ಇದೆ ನಿಜ, ಆದರೆ ಒಂದು ಕಾಮಗಾರಿಯ ಬಿಲ್ ಪಾಸಾಗುವಾಗ ಯಾರೂ ಅವರ ಒಪ್ಪಿಗೆ ಕೇಳುವುದಿಲ್ಲ. ಅವರು ಬರುವುದು ಖರ್ಚಾದ ಮೇಲೆ.

ಇಷ್ಟೇನಾ ಅನ್ನಿಸಬಹುದು. ಆದರೆ ನೋಡುವ ಅಧಿಕಾರ ಎಷ್ಟು ದೊಡ್ಡದು ಅಂತ ನಮ್ಮಂಥವರಿಗೆ ಗೊತ್ತು. 1971ರ ಸಿಎಜಿ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅವರು ಯಾವುದೇ ಸರ್ಕಾರಿ ಲೆಕ್ಕದ ಕಚೇರಿಗೆ ಬಂದು ತಪಾಸಣೆ ಮಾಡಬಹುದು, ಲೆಕ್ಕಕ್ಕೆ ಸಂಬಂಧಿಸಿದ ಯಾವ ಪುಸ್ತಕ, ಕಾಗದ ಬೇಕಾದರೂ ಕೇಳಬಹುದು. ಒಂದು ಸಲ ನಮ್ಮಲ್ಲಿಗೆ ಬಂದ ಪಾರ್ಟಿಯಲ್ಲಿ ಒಬ್ಬ ಮೇಡಂ ಇದ್ದರು. ಎರಡು ದಿನ ಯಾರ ಹತ್ತಿರವೂ ಜಾಸ್ತಿ ಮಾತಾಡದೆ ಸ್ಟಾಕ್ ರಿಜಿಸ್ಟರ್ ಮತ್ತು ಅಳತೆ ಪುಸ್ತಕ, ನಾವು ಎಂಬಿ ಅನ್ನುತ್ತೇವಲ್ಲ ಅದು, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು. ಮೂರನೇ ದಿನ ಬರಹದಲ್ಲಿ ಪ್ರಶ್ನೆ ಬಂತು: ಸಿಮೆಂಟ್ ಸ್ಟೋರಿಗೆ ಬಂದ ತಾರೀಖು ಇದು, ಅದೇ ಸಿಮೆಂಟಿನಲ್ಲಿ ಮಾಡಿದ ಕೆಲಸದ ಅಳತೆ ಹನ್ನೊಂದು ದಿನ ಮುಂಚೆಯೇ ಬರೆದಿದೆ, ಹೇಗೆ? ಎರಡೇ ಎರಡು ತಾರೀಖು. ಇಡೀ ಆಫೀಸಿನಲ್ಲಿ ಯಾರ ಬಾಯಲ್ಲೂ ಮಾತಿಲ್ಲ.

ಆಮೇಲೆ ಏನಾಯಿತು ಅನ್ನುವುದರಲ್ಲೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದೆ. ಕೈತಪ್ಪಿನಿಂದ ತಾರೀಖು ಹಾಗಾಗಿದೆ ಅಂತ ನಮ್ಮ ಕಡೆಯಿಂದ ಉತ್ತರ ಹೋಯಿತು. ಎಜಿ ಆಫೀಸು ಒಪ್ಪಲಿಲ್ಲ, ಪ್ಯಾರಾ ಹಾಗೇ ಉಳಿಯಿತು. ಪ್ರತಿ ವರ್ಷ ಬಾಕಿ ಪಟ್ಟಿ ಬರುವುದು, ನಾವು ಅದೇ ಉತ್ತರವನ್ನು ಪದ ಬದಲಿಸಿ ಕಳಿಸುವುದು. ಅಷ್ಟರಲ್ಲಿ ಸಂಬಂಧಪಟ್ಟವರು ನಿವೃತ್ತರಾಗಿ ಪೆನ್ಷನ್ನೂ ಇತ್ಯರ್ಥವಾಯಿತು. ಆ ಉತ್ತರ ಟೈಪ್ ಮಾಡಿಸಿದ್ದು ನಾನೇ, ಅದು ಇವತ್ತಿಗೂ ನನಗೆ ಚುಚ್ಚುತ್ತದೆ. ತಪ್ಪು ಹಿಡಿಯಲು ಅವರಿಗೆ ಮೂರು ದಿನ ಸಾಕಾಯಿತು. ಕ್ರಮ ತೆಗೆದುಕೊಳ್ಳಬೇಕಾಗಿದ್ದದ್ದು ನಮ್ಮ ಇಲಾಖೆ, ತೆಗೆದುಕೊಳ್ಳಲಿಲ್ಲ. ಕಡತ ಕೊಡದೆ ಸತಾಯಿಸುವ ಕಚೇರಿಗಳೂ ಇವೆ, ಅದಕ್ಕೆ ಇಂಥ ಶಿಕ್ಷೆ ಅಂತ ಆ ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ.

ದೊಡ್ಡ ಆಕ್ಷೇಪಣೆಗಳು ಮಾತ್ರ ವರದಿಗೆ ಹೋಗುತ್ತವೆ. ಸಂವಿಧಾನದ 151ನೇ ವಿಧಿಯಂತೆ ಕೇಂದ್ರದ್ದಾದರೆ ರಾಷ್ಟ್ರಪತಿಗೆ, ರಾಜ್ಯದ್ದಾದರೆ ರಾಜ್ಯಪಾಲರಿಗೆ ಕೊಡಬೇಕು, ಅವರು ಸದನದಲ್ಲಿ ಮಂಡಿಸುವ ವ್ಯವಸ್ಥೆ ಮಾಡಬೇಕು. ಎಷ್ಟು ದಿನದೊಳಗೆ ಅಂತ ಅದರಲ್ಲಿ ಬರೆದಿಲ್ಲ! ನನ್ನ ಪ್ರಕಾರ ಇಡೀ ವ್ಯವಸ್ಥೆಯ ದೊಡ್ಡ ತೂತು ಇದೇ. ಸದನಕ್ಕೆ ಬರುವ ತನಕ ವರದಿಯನ್ನು ಹೊರಗೆ ಬಿಡುವ ಹಾಗಿಲ್ಲ, ಸರ್ಕಾರ ಮಂಡಿಸದಿದ್ದರೆ ಸಿಎಜಿ ಸುಮ್ನೆ ಕಾಯಬೇಕು. ದೆಹಲಿಯಲ್ಲಿ 14 ವರದಿಗಳು ಹೀಗೇ ಬಾಕಿ ಬಿದ್ದಿದ್ದವು, 2025ರಲ್ಲಿ ಸರ್ಕಾರ ಬದಲಾದ ಮೇಲೆ ಒಂದೊಂದಾಗಿ ಸದನಕ್ಕೆ ಬಂದವು. ಮಂಡನೆಯಾದ ಮೇಲೆ ವರದಿ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಹೋಗುತ್ತದೆ. ಸಂಸತ್ತಿನಲ್ಲಿ 1967ರಿಂದ ವಿರೋಧ ಪಕ್ಷದವರೇ ಅದರ ಅಧ್ಯಕ್ಷರಾಗುತ್ತಾ ಬಂದಿದ್ದಾರೆ. ಆದರೆ ಸಮಿತಿಯೂ ಶಿಫಾರಸು ಮಾಡಬಹುದು, ಅಷ್ಟೇ.

ಮೊಬೈಲ್ ಕಂಪನಿಗಳಿಗೆ ಲೈಸೆನ್ಸು, ತರಂಗಾಂತರ ಹಂಚಿದ 2ಜಿ ವಿಚಾರವನ್ನೂ ನೀವು ಬರೆದಿದ್ದೀರಿ. 2010ರ ವರದಿಯಲ್ಲಿ ಬಂದ 1.76 ಲಕ್ಷ ಕೋಟಿ ರೂಪಾಯಿ ಯಾರದೋ ಜೇಬಿಗೆ ಹೋದ ಹಣದ ಲೆಕ್ಕ ಅಲ್ಲ. ಜಾಸ್ತಿ ಬೆಲೆಗೆ ಕೊಟ್ಟಿದ್ದರೆ ಸರ್ಕಾರಕ್ಕೆ ಎಷ್ಟು ಬರಬಹುದಿತ್ತು ಅನ್ನುವ ಅಂದಾಜು. ಬೇರೆ ಬೇರೆ ಲೆಕ್ಕ ಹಾಕಿ ಅದೇ ವರದಿ ಕಡಿಮೆ ಮೊತ್ತಗಳನ್ನೂ ಕೊಟ್ಟಿತ್ತು, ಜನರ ನೆನಪಿನಲ್ಲಿ ಉಳಿದದ್ದು ದೊಡ್ಡದು ಮಾತ್ರ. 2012ರಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಿತು. 2017ರಲ್ಲಿ ವಿಶೇಷ ಕೋರ್ಟ್ ಆರೋಪಿಗಳನ್ನೆಲ್ಲ ಖುಲಾಸೆ ಮಾಡಿತು. ಎರಡೂ ಒಂದಕ್ಕೊಂದು ವಿರುದ್ಧ ಅಂತ ಅನೇಕರು ತಿಳಿಯುತ್ತಾರೆ, ಹಾಗಲ್ಲ. ಹಂಚಿದ ರೀತಿ ಸರಿಯಿಲ್ಲ ಅನ್ನುವುದು ಒಂದು ಮಾತು, ಇಂಥವರು ಲಂಚ ತಿಂದರು ಅಂತ ಸಾಕ್ಷಿ ಇಟ್ಟು ಸಾಬೀತು ಮಾಡುವುದು ಇನ್ನೊಂದು. ಎರಡನೆಯದು ಪೊಲೀಸರ, ಸಿಬಿಐನ ಕೆಲಸ.

ಸಿಎಜಿ ಸ್ವತಂತ್ರವೇ ಅಂತ ಕೇಳಿದರೆ, ಕುರ್ಚಿಯಲ್ಲಿ ಕೂತ ಮೇಲೆ ಹೌದು. ಆರು ವರ್ಷ ಅಥವಾ 65 ವಯಸ್ಸು, ಯಾವುದು ಮೊದಲೋ ಅಲ್ಲಿವರೆಗೆ. ತೆಗೆಯಬೇಕಾದರೆ ಸುಪ್ರೀಂ ಕೋರ್ಟ್ ನ್ಯಾಯಾಧೀಶರನ್ನು ತೆಗೆಯುವಷ್ಟೇ ಕಷ್ಟ. ಆದರೆ ಆಯ್ಕೆ ಮಾಡುವುದು ಆಗಿನ ಸರ್ಕಾರವೇ, ವಿರೋಧ ಪಕ್ಷದ ನಾಯಕರಿರುವ ಸಮಿತಿ ಏನೂ ಇಲ್ಲ. ಇದು ಬದಲಾಗಲೇಬೇಕು ಅಂತ ನನಗೆ ಅನ್ನಿಸುತ್ತದೆ. ನಿವೃತ್ತಿಯ ನಂತರ ಬೇರೆ ಸರ್ಕಾರಿ ಹುದ್ದೆ ಇಲ್ಲ ಅಂತಲೂ ಸಂವಿಧಾನ ಹೇಳುತ್ತದೆ. ಆದರೂ 1989ರಲ್ಲಿ ಬೊಫೋರ್ಸ್ ಫಿರಂಗಿ ಖರೀದಿಯ ಬಗ್ಗೆ ವರದಿ ಬಂದಾಗ ಸಿಎಜಿ ಆಗಿದ್ದ ಟಿ.ಎನ್. ಚತುರ್ವೇದಿ ಆಮೇಲೆ ಬಿಜೆಪಿಯ ರಾಜ್ಯಸಭಾ ಸದಸ್ಯರಾದರು, 2002ರಲ್ಲಿ ನಮ್ಮ ರಾಜ್ಯಕ್ಕೇ ರಾಜ್ಯಪಾಲರಾಗಿ ಬಂದರು. ರಾಜ್ಯಪಾಲರದ್ದು ಕೇಂದ್ರ ಸರ್ಕಾರದ ಕೈಕೆಳಗಿನ ನೌಕರಿ ಅಲ್ಲ ಅಂತ ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿತ್ತು. ಕಾನೂನಿನ ತಪ್ಪಿಲ್ಲ, ಆದರೆ ವರದಿ ಬರೆದವರ ಮೇಲಿನ ನಂಬಿಕೆ ಮುಖ್ಯ ಅಲ್ವಾ?

ಇನ್ನು ನಿಮ್ಮೂರ ರಸ್ತೆ. ನಮ್ಮ ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಲೆಕ್ಕವನ್ನು ಎಜಿ ಆಫೀಸು ನೋಡುತ್ತದೆ. ಗ್ರಾಮ ಪಂಚಾಯಿತಿಯದ್ದನ್ನು ನೋಡುವುದು ರಾಜ್ಯ ಸರ್ಕಾರದ್ದೇ ಲೆಕ್ಕಪರಿಶೋಧನಾ ಇಲಾಖೆ. ಸಿಎಜಿಗೆ ಬರೆದರೆ ತಪ್ಪೇನಿಲ್ಲ, ಆದರೆ ಅವರು ದೂರು ಹಿಡಿದು ತನಿಖೆ ಮಾಡುವವರಲ್ಲ, ಅದಕ್ಕೆ ಲೋಕಾಯುಕ್ತ ಇದೆ. ಕೆಲಸ ನರೇಗಾದಲ್ಲಿ ಆಗಿದ್ದರೆ ಸಾಮಾಜಿಕ ಪರಿಶೋಧನೆಯ, ಅಂದರೆ ಊರವರ ಮುಂದೆಯೇ ಲೆಕ್ಕ ಪರಿಶೀಲಿಸುವ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ. ಅದಕ್ಕಿಂತ ಮೊದಲು ಪಂಚಾಯಿತಿಗೆ ಆರ್‌ಟಿಐ ಅರ್ಜಿ ಹಾಕಿ ಬಿಲ್ಲು, ಆಡಿಟ್ ವರದಿ, ಎಂಬಿ ಮೂರರ ಪ್ರತಿಯನ್ನೂ ತೆಗೆದುಕೊಳ್ಳಿ. ಎಂಬಿಯಲ್ಲಿ ರಸ್ತೆಯ ಉದ್ದ, ಅಗಲ, ದಪ್ಪ, ಅಳತೆ ಮಾಡಿದ ತಾರೀಖು ಎಲ್ಲ ಇರುತ್ತದೆ. ಒಂದು ಟೇಪು ತೆಗೆದುಕೊಂಡು ಹೋಗಿ ನೀವೇ ಅಳೆದು ನೋಡಿ. ತಾರೀಖುಗಳನ್ನೂ ಬಿಲ್ಲಿನ ಪಕ್ಕ ಇಟ್ಟು ನೋಡಿ.