ಸ್ಟಾಕ್ ಅಂದ್ರೆ ಯಾವ ಸ್ಟಾಕ್?

ಪ್ರಶ್ನೆ: ಮಗಳು ಫೋನಿನಲ್ಲಿ ಯಾರದೋ ಖಾತೆ ನೋಡುತ್ತಾ 'ಸ್ಟಾಕ್ ಮಾಡ್ತಿದೀನಿ' ಅಂತಾಳೆ. ಪೇಪರ್‌ನಲ್ಲಿ 'ಸ್ಟಾಕಿಂಗ್ ಆರೋಪಿ ಸೆರೆ' ಅಂತ ಬರುತ್ತೆ. ಇದು ಅಂಗಡಿಯ ಸ್ಟಾಕಾ, ಹೂವಿನ ದಂಟಿಗೆ ಹೇಳುವ ಸ್ಟಾಕಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಎರಡೂ ಅಲ್ಲ. ನಮ್ಮ ಲಿಪಿಯಲ್ಲಿ ಮೂರೂ ಒಂದೇ ಥರ ಕಾಣುತ್ತವೆ, ಅಷ್ಟೇ. ಅಂಗಡಿಯದಕ್ಕೆ ಇಂಗ್ಲಿಷಿನಲ್ಲಿ ಸ್ಪೆಲಿಂಗೇ ಬೇರೆ. ದಂಟಿನದಕ್ಕೆ ಸ್ಪೆಲಿಂಗ್ ಒಂದೇ, ಬೇರು ಬೇರೆ. ನೀವು ಕೇಳಿದ್ದು ಹಳೇ ಇಂಗ್ಲಿಷಿನ ಮಾತು. ಕದಿಯುವುದಕ್ಕೆ ಹೇಳುವ 'ಸ್ಟೀಲ್' ಇದರ ನೆಂಟ. ಸದ್ದಾಗದಂತೆ ಹೋಗುವುದು ಮೂಲ ಅರ್ಥ. ನಮ್ಮ 'ಕಳ್ಳಹೆಜ್ಜೆ' ಇದಕ್ಕೆ ಸರಿಯಾಗಿ ಹೊಂದುತ್ತದೆ ಅಲ್ವಾ?

ಈ ಮಾತು ಬೆಳೆದದ್ದು ಬೇಟೆಯವರ ಬಾಯಲ್ಲಿ. ಸ್ಕಾಟ್‌ಲೆಂಡಿನ ಗುಡ್ಡಗಳಲ್ಲಿ ಜಿಂಕೆಗೆ ವಾಸನೆ ಬಡಿಯದಂತೆ ಗಾಳಿಗೆ ಎದುರಾಗಿ, ಬೇಕಾದರೆ ಹೊಟ್ಟೆ ಮೇಲೆ ತೆವಳಿ ಹತ್ತಿರ ಹೋಗುವುದಕ್ಕೆ ಇಂದಿಗೂ ಸ್ಟಾಕಿಂಗ್ ಅಂತಲೇ ಹೆಸರು. ಹಕ್ಕಿ ಹೊಡೆಯುವವರು ಕುದುರೆಯ ಮರೆಯಲ್ಲಿ ನಡೆಯುತ್ತಿದ್ದರು. ಹಕ್ಕಿ ಮನುಷ್ಯನಿಗೆ ಹೆದರುತ್ತದೆ, ಮೇಯುವ ಕುದುರೆಗಲ್ಲ. ಆ ಕುದುರೆಯೇ 'ಸ್ಟಾಕಿಂಗ್ ಹಾರ್ಸ್'. ಆಮೇಲೆ ಅದು ರಾಜಕೀಯಕ್ಕೂ ಬಂತು: ತಾನು ಗೆಲ್ಲುವುದಕ್ಕಲ್ಲ, ಹಿಂದೆ ಮರೆಯಲ್ಲಿರುವ ಬಲಶಾಲಿಗೆ ದಾರಿ ಮಾಡಿಕೊಡಲು ನಿಲ್ಲುವ ಅಭ್ಯರ್ಥಿಗೆ ಹೀಗನ್ನುತ್ತಾರೆ. 1989ರಲ್ಲಿ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ವಿರುದ್ಧ ಪಕ್ಷದ ನಾಯಕತ್ವಕ್ಕೆ ನಿಂತ ಆಂಟನಿ ಮೇಯರ್‌ಗೆ ಅಂಟಿದ್ದು ಇದೇ ಹೆಸರು. ಅವರು ಸೋತರು. ಮರುವರ್ಷ ಥ್ಯಾಚರ್ ಇಳಿದರು.

ನನಗೆ ಮಜಾ ಅನ್ನಿಸುವುದು ಇದರ ಇನ್ನೊಂದು ಮುಖ. 'ಹ್ಯಾಮ್ಲೆಟ್' ನಾಟಕದ ಮೊದಲ ದೃಶ್ಯದಲ್ಲಿ ಸತ್ತ ರಾಜನ ಭೂತ ಕಾವಲುಗಾರರ ಕಣ್ಣೆದುರೇ ಹಾದು ಹೋಗುತ್ತದೆ. ಅದಕ್ಕೂ ಶೇಕ್ಸ್‌ಪಿಯರ್ ಇದೇ ಮಾತು ಹಾಕಿದ್ದಾನೆ. ಅಲ್ಲಿ ಅಡಗುವ ಪ್ರಶ್ನೆಯೇ ಇಲ್ಲ, ಅದು ದಂಡನಾಯಕನ ಗತ್ತಿನ ನಡಿಗೆ. ಸಿಟ್ಟಿಗೆದ್ದು ಸೆಟೆದುಕೊಂಡು ಹೊರಗೆ ನಡೆದರೂ ಇಂಗ್ಲಿಷಿನವರು ಹೀಗೇ ಅನ್ನುತ್ತಾರೆ. ಕದ್ದು ಹೋದರೂ ಸ್ಟಾಕ್, ಎದೆಯುಬ್ಬಿಸಿ ಹೋದರೂ ಸ್ಟಾಕ್!

ಇನ್ನು ಪೇಪರಿನ ವಿಷಯ. ಮನುಷ್ಯರ ಬೆನ್ನು ಬೀಳುವುದನ್ನು ಈ ಹೆಸರಿನಲ್ಲಿ ಅಪರಾಧ ಅಂತ ಕ್ಯಾಲಿಫೋರ್ನಿಯಾ ಕಾನೂನು ಮಾಡಿದ್ದು 1990ರಲ್ಲಿ. ನಮ್ಮಲ್ಲಿ 2013ರಲ್ಲಿ ದಂಡ ಸಂಹಿತೆಗೆ 354ಡಿ ಸೇರಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಹೆಣ್ಣು ಬೇಡ ಅಂದರೂ ಮತ್ತೆ ಮತ್ತೆ ಹಿಂದೆ ಬೀಳುವುದು, ಆಕೆಯ ಇ-ಮೇಲ್, ಇಂಟರ್ನೆಟ್ ಬಳಕೆ ಮೇಲೆ ಕಣ್ಣಿಡುವುದು ಎರಡೂ ಅದರಲ್ಲಿವೆ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು.

ನಿಮ್ಮ ಮಗಳದ್ದು ಇಷ್ಟು ಜೋರಿನದಲ್ಲ ಬಿಡಿ. ಯಾರದೋ ಮದುವೆ ಫೋಟೋ ಸುಮ್ನೆ ಇಣುಕಿ ನೋಡುವುದಕ್ಕೂ ಈಗಿನ ಮಕ್ಕಳು ಸ್ಟಾಕ್ ಅಂತಾರೆ. ಪೇಪರಿನವರು ಮಾತ್ರ 'ಬೆನ್ನುಬಿದ್ದು ಕಾಡಿದವ' ಅಂತ ಬಿಡಿಸಿ ಬರೆಯಲಿ. ಸ್ಟಾಕಿಂಗ್ ಅಂದರೆ ಉದ್ದ ಕಾಲುಚೀಲವೂ ಹೌದು, ಅದನ್ನು ಕದ್ದವನೇನೋ ಅಂದುಕೊಂಡಾರು.