ನದಿ ನೀರೇ ಬರುತ್ತಿದ್ದರೂ ಕೆಟಲ್ ತಳದಲ್ಲಿ ಬಿಳಿ ಪದರ ಏಕೆ?

ನದಿ ದಂಡೆಯ ಊರು, ನಲ್ಲಿಯಲ್ಲಿ ಬರುವುದೂ ನದಿ ನೀರೇ, ಆದರೂ ಕೆಟಲ್‌ನಲ್ಲಿ ಬಿಳಿ ಪದರ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ, ಇದನ್ನು ಕುಡಿಯಬಹುದಾ, ಇಡೀ ಮನೆಗೆ ಸಾಫ್ಟ್‌ನರ್ (ನೀರು ಮೆದು ಮಾಡುವ ಯಂತ್ರ) ಹಾಕಿಸಬೇಕಾ ಎಂದು ಕೇಳಿದ್ದೀರಿ. ಕುಡಿಯುವ ವಿಷಯ ಮೊದಲು ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ನೀರಿನ ಗಡಸುತನಕ್ಕೆ, ಅಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗೆ, ಆರೋಗ್ಯದ ದೃಷ್ಟಿಯಿಂದ ಯಾವ ಮಿತಿಯನ್ನೂ ಹಾಕಿಲ್ಲ. ಆ ಬಿಳಿ ಪದರ ಕೊಳೆಯಲ್ಲ, ಹೆಚ್ಚಿನ ಪಾಲು ಸುಣ್ಣಕಲ್ಲು. ದಯವಿಟ್ಟು ಹೆದರಬೇಡಿ.

ನದಿ ನೀರು ಅಂದರೆ ಸಿಹಿ ನೀರು, ಬೋರ್ ನೀರು ಮಾತ್ರ ಗಡಸು ಎಂದು ನಾನೂ ಬಹಳ ವರ್ಷ ನಂಬಿದ್ದೆ. ಆದರೆ ನದಿ ಎಲ್ಲಿಂದ ತುಂಬುತ್ತದೆ ನೋಡಿ. ಮಳೆ ನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಆಮ್ಲವಾಗುತ್ತದೆ. ಕೆಳಗೆ ಸುಣ್ಣಕಲ್ಲು ಇದ್ದರೆ ಅದನ್ನು ಕರಗಿಸಿಕೊಂಡು ಹೊರಡುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ನದಿಯಲ್ಲಿ ಹರಿಯುವುದು ಹೆಚ್ಚಾಗಿ ಹೀಗೆ ನೆಲದಿಂದ ಒಸರಿದ ನೀರೇ. ಹಾಗಾಗಿ ಆಗ ಗಡಸು ಜಾಸ್ತಿ, ಹೊಳೆ ತುಂಬಿ ಹರಿಯುವಾಗ ಕಡಿಮೆ. ಥೇಮ್ಸ್ ನದಿಯ ನೀರು ಕುಡಿಯುವ ಲಂಡನ್ನಿನಲ್ಲೂ ಇದೇ ಕಥೆ, ಅಲ್ಲಿ ಸುತ್ತ ಸೀಮೆಸುಣ್ಣದ ಗುಡ್ಡಗಳಿವೆ. ನೀರು ಶುದ್ಧೀಕರಿಸುವ ಕಡೆ ಕೆಸರು ತೆಗೆಯುತ್ತಾರೆ, ರೋಗಾಣು ಕೊಲ್ಲುತ್ತಾರೆ. ಕರಗಿದ ಕಲ್ಲು ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಗಡಸಾಗಿರಬಹುದು.

ನನಗೆ ತುಂಬಾ ಇಷ್ಟವಾದ ಸಂಗತಿಯೊಂದಿದೆ. ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಕ್ಲಾರ್ಕ್ 1841ರಲ್ಲಿ ಥೇಮ್ಸ್‌ನಂಥ ನೀರನ್ನು ಮೆದು ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅವರು ನೀರಿಗೆ ಹಾಕಿದ್ದು ಸುಣ್ಣವನ್ನೇ! ಸುಣ್ಣಕಲ್ಲು ನೀರಿನಲ್ಲಿ ಕರಗಿ ನಿಲ್ಲುವುದಕ್ಕೆ ಅದರ ಜೊತೆಗಿರುವ ಇಂಗಾಲದ ಡೈಆಕ್ಸೈಡ್ ಕಾರಣ. ಹಾಕಿದ ಸುಣ್ಣ ಆ ಅನಿಲವನ್ನು ಹಿಡಿದುಕೊಳ್ಳುತ್ತದೆ, ಕಲ್ಲು ತಳಕ್ಕೆ ಕೂರುತ್ತದೆ. ನಿಮ್ಮ ಕೆಟಲ್ ಅದೇ ಕೆಲಸವನ್ನು ಬಿಸಿಯಿಂದ ಮಾಡುತ್ತದೆ. ಅನಿಲ ಹಾರಿಹೋಗುತ್ತದೆ, ಕಲ್ಲು ತಳಕ್ಕೆ ಅಂಟುತ್ತದೆ.

ಅದಕ್ಕೇ ನಾನು ಹೇಳುವುದು, ನೀರು ಕಾಯುವ ಜಾಗಗಳನ್ನು ನೋಡಿಕೊಳ್ಳಿ ಎಂದು. ನಮ್ಮ ಗೀಸರ್ ಒಮ್ಮೆ ನೀರು ಕಾಯಿಸಲು ಎರಡು ಪಟ್ಟು ಹೊತ್ತು ತೆಗೆದುಕೊಳ್ಳತೊಡಗಿತು. ಒಳಗಿಂದ ಕಟಕಟ ಸದ್ದು. ಬಿಚ್ಚಿಸಿದಾಗ ಕಾಯಿಲ್ ಕಣ್ಣಿಗೇ ಬೀಳಲಿಲ್ಲ. ಬೆರಳಿನಷ್ಟು ದಪ್ಪ ಇರಬೇಕಾದದ್ದು ಮಣಿಕಟ್ಟಿನಷ್ಟಾಗಿತ್ತು, ಮೇಲೆಲ್ಲ ಬೂದು ಬಿಳಿ ಬಣ್ಣದ ಒರಟು ಕಲ್ಲು. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಮೊಟ್ಟೆಯ ಚಿಪ್ಪಿನ ಹಾಗೆ ಉದುರಿತು. ಟ್ಯಾಂಕಿನ ತಳದಿಂದ ಎರಡು ಮಗ್ ಚೂರು ತೆಗೆದೆವು. ಆ ಪದರ ಶಾಖವನ್ನು ನೀರಿಗೆ ಬಿಡುವುದಿಲ್ಲ, ಕಾಯಿಲ್ ತಾನೇ ಕಾದು ಸುಟ್ಟುಹೋಗುತ್ತದೆ. ನೀರು ಹೆಚ್ಚು ಕಾದಷ್ಟೂ ಕಲ್ಲು ಜಾಸ್ತಿ ಕೂರುತ್ತದೆ. ಅದಕ್ಕೆ ಗೀಸರ್ ನಾಬ್ ಸುಮ್ನೆ ತುದಿಯವರೆಗೆ ತಿರುಗಿಸಿ ಇಡಬೇಡಿ, 60 ಡಿಗ್ರಿ ಸಾಕು.

ಕೆಟಲ್‌ಗೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲದ ಪುಡಿ) ಒಳ್ಳೆಯದು. ಬಿಸಿ ನೀರಿಗೆ ಎರಡು ಚಮಚ ಹಾಕಿ ಅರ್ಧ ಗಂಟೆ ಬಿಡಿ. ತಳದಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಕಲ್ಲಿನೊಳಗೆ ಸಿಕ್ಕಿದ್ದ ಅದೇ ಅನಿಲ ಅದು. ಆಮೇಲೆ ಚೆನ್ನಾಗಿ ತೊಳೆಯಿರಿ. ನಲ್ಲಿಯ ಜಾಲರಿ, ಶವರ್ ತಲೆ ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿದರೂ ಸಾಕು. ಎರಡು ಎಚ್ಚರಿಕೆ: ಇವನ್ನು ಬ್ಲೀಚ್ ಜೊತೆ ಬೆರೆಸಲೇಬೇಡಿ, ವಿಷ ಅನಿಲ ಬರುತ್ತದೆ. ಅಮೃತಶಿಲೆಯ ಮೇಲೂ ಬೇಡ, ಅದೂ ಇದೇ ಜಾತಿಯ ಕಲ್ಲು ಅಲ್ವಾ, ತಿಂದುಹಾಕುತ್ತದೆ.

ಸೋಪಿನ ತೊಂದರೆ ಬೇರೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಜಿಗುಟಾಗುತ್ತವೆ. ಬಕೆಟ್ ಅಂಚಿನ ಬೂದು ಪಟ್ಟಿ, ಬಟ್ಟೆಯ ಒರಟು, ಕೂದಲಿನ ಅಂಟು ಎಲ್ಲ ಅದರಿಂದಲೇ. ಬಟ್ಟೆಗೆ ಸೋಪಿನ ಬದಲು ಡಿಟರ್ಜೆಂಟ್ ಬಳಸಿದರೆ ಇದು ಬಹಳ ಕಡಿಮೆಯಾಗುತ್ತದೆ.

ಇನ್ನು ಸಾಫ್ಟ್‌ನರ್. ಅದು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. ಒಂದು ಲೀಟರಿನಲ್ಲಿ (ಸುಣ್ಣಕಲ್ಲಿನ ಲೆಕ್ಕದಲ್ಲಿ) 100 ಮಿಲಿಗ್ರಾಂ ಗಡಸುತನ ತೆಗೆದರೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಆದ್ದರಿಂದ ಹಾಕಿಸಿದರೂ ಅಡುಗೆಮನೆ ನಲ್ಲಿ ಮತ್ತು ಗಿಡಗಳ ನೀರನ್ನು ಅದರಿಂದ ಹೊರಗಿಡಿ. ಮನೆಯಲ್ಲಿ ಉಪ್ಪು ಕಡಿಮೆ ಮಾಡಬೇಕಾದವರಿದ್ದರೆ ಇದು ಇನ್ನೂ ಮುಖ್ಯ. ಪೈಪಿಗೆ ಕಟ್ಟುವ ಆಯಸ್ಕಾಂತಕ್ಕೆ ದುಡ್ಡು ಹಾಕಬೇಡಿ, ಅದು ನೀರಿನಿಂದ ಏನನ್ನೂ ತೆಗೆಯುವುದಿಲ್ಲ. ಯುವಿ ಫಿಲ್ಟರ್ ಕೂಡ ಗಡಸು ತೆಗೆಯುವುದಿಲ್ಲ. ಆರ್‌ಓ ತೆಗೆಯುತ್ತದೆ, ಆದರೆ ಒಂದಷ್ಟು ನೀರು ಚರಂಡಿಗೆ ಹೋಗುತ್ತದೆ.

ಕೊಳ್ಳುವ ಮೊದಲು ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 60 ಮಿಲಿಗ್ರಾಂವರೆಗೆ ಮೆದು, 120 ದಾಟಿದರೆ ಗಡಸು, 180 ದಾಟಿದರೆ ತುಂಬಾ ಗಡಸು ಎಂದು ಸಾಮಾನ್ಯವಾಗಿ ಲೆಕ್ಕ. ಅಲ್ಲಿಯವರೆಗೆ ಮನೆಯಲ್ಲೇ ಒಂದು ಕೆಲಸ ಮಾಡಿ. ಒಂದು ಬಾಟಲಿಗೆ ನಲ್ಲಿ ನೀರು, ಇನ್ನೊಂದಕ್ಕೆ ಹತ್ತು ನಿಮಿಷ ಕುದಿಸಿ ಆರಿಸಿ ಸೋಸಿದ ಅದೇ ನೀರು. ಎರಡಕ್ಕೂ ಒಂದೇ ಅಳತೆಯ ಸೋಪಿನ ತುರಿ ಹಾಕಿ ಅಲುಗಾಡಿಸಿ. ಕುದಿಸಿದ್ದರಲ್ಲಿ ನೊರೆ ಚೆನ್ನಾಗಿ ಬಂದರೆ ನಿಮ್ಮದು ಕಾಯಿಸಿದರೆ ಹೋಗುವ ಗಡಸುತನ. ಆಗ ನಿಂಬೆ ಉಪ್ಪು, ವರ್ಷಕ್ಕೊಮ್ಮೆ ಗೀಸರ್ ಸರ್ವೀಸ್, ಇಷ್ಟರಲ್ಲೇ ನಡೆಯುತ್ತದೆ. ಎರಡರಲ್ಲೂ ನೊರೆ ಬರದಿದ್ದರೆ ಮಾತ್ರ ಸಾಫ್ಟ್‌ನರ್ ಬಗ್ಗೆ ಯೋಚಿಸಿ.