ಗುರುವಿಗೆ ಹೂಗುಚ್ಛ ಕೊಡದೆ ಹೋದದ್ದು ಸರಿಯಾ?

ಪ್ರಶ್ನೆ: ‘ತೊರಾ ನಿ ತ್ಸುಬಾಸಾ’ ಎಂಬ ಜಪಾನಿ ಧಾರಾವಾಹಿಯನ್ನು ತುಂಬ ಇಷ್ಟಪಟ್ಟು ನೋಡಿದೆ. ಒಂದು ದೃಶ್ಯ ಮಾತ್ರ ಮನಸ್ಸಿಗೆ ಹಿಡಿಸಲಿಲ್ಲ. ನಾಯಕಿ ತೊಮೊಕೊಗೆ ಕಾನೂನು ಓದು ಎಂದು ಹುರಿದುಂಬಿಸಿದವರೇ ಪ್ರೊಫೆಸರ್ ಹೊತಾಕಾ. ಅವರ ನಿವೃತ್ತಿ ಸಮಾರಂಭದಲ್ಲಿ ಅವಳು ಹೂಗುಚ್ಛ ಕೊಡದೆ ಸಿಟ್ಟಿನಿಂದ ಹೊರಟುಬಿಡುತ್ತಾಳೆ. ದಾರಿ ತೋರಿಸಿದ ಗುರುವಿಗೆ ಹೀಗೆ ಮಾಡಬಹುದಾ?

– ಒಬ್ಬ ಓದುಗಿ

ಉತ್ತರ: ಮಾಡಬಹುದು. ಆ ಕಂತು ನೋಡುವಾಗ ನಾನು ಪೂರ್ತಿ ತೊಮೊಕೊ ಕಡೆಗಿದ್ದೆ, ಈಗಲೂ ಇದ್ದೇನೆ.

ಹೊತಾಕಾ ಮಾಡಿದ ಉಪಕಾರ ಸಣ್ಣದೇನಲ್ಲ. ಆ ಕಾಲದ ಜಪಾನಿನಲ್ಲಿ ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ಸಾಲ ಮಾಡುವಂತಿರಲಿಲ್ಲ, ಆಸ್ತಿ ಮಾರುವಂತಿರಲಿಲ್ಲ, ಕೋರ್ಟಿಗೆ ಹೋಗುವಂತಿರಲಿಲ್ಲ. 1933ರಲ್ಲಿ ಕಾನೂನು ತಿದ್ದುವವರೆಗೆ ವಕೀಲಿಕೆ ಗಂಡಸರಿಗೆ ಮಾತ್ರ. ತೊಮೊಕೊ ಪಾತ್ರಕ್ಕೆ ಮಾದರಿಯಾದ ಮಿಬುಚಿ ಯೋಶಿಕೊ 1938ರಲ್ಲಿ ಪರೀಕ್ಷೆ ಪಾಸಾದಾಗ ಅವರ ಜೊತೆ ಪಾಸಾದ ಹೆಂಗಸರು ಇನ್ನಿಬ್ಬರೇ, ನಕಾತಾ ಮಾಸಾಕೊ ಮತ್ತು ಕುಮೆ ಆಯಿ. ಪಾಸಾದರೂ ನ್ಯಾಯಾಧೀಶರಾಗುವ ಬಾಗಿಲು ಯುದ್ಧ ಮುಗಿಯುವವರೆಗೆ ತೆರೆಯಲೇ ಇಲ್ಲ. ಅಂಥ ಹೊತ್ತಿನಲ್ಲಿ ‘ನೀನು ಓದು’ ಎಂದ ಮೇಷ್ಟ್ರು ದೊಡ್ಡವರೇ.

ಆದರೆ ತೊಮೊಕೊ ಬಸುರಿಯಾದಾಗ ಅದೇ ಮೇಷ್ಟ್ರು ಏನು ಮಾಡಿದರು, ನೆನಪಿಸಿಕೊಳ್ಳಿ. ಜೊತೆಯಲ್ಲಿ ವಕೀಲಿಕೆಗೆ ಬಂದ ಹೆಂಗಸರು ಒಬ್ಬೊಬ್ಬರೇ ಬಿಟ್ಟು ಹೋಗಿದ್ದಾರೆ. ಎಲ್ಲರ ಆಸೆಯನ್ನೂ ಒಬ್ಬಳೇ ಹೊತ್ತು ತೊಮೊಕೊ ಬಸವಳಿದಿದ್ದಾಳೆ. ಆಗ ಇವರು, ಮಗು ಮುಖ್ಯ, ಮನೆಗೆ ಹೋಗು ಅನ್ನುತ್ತಾರೆ. ಒಂದೊಂದೇ ಹನಿ ಬಿದ್ದು ಕೊನೆಗೆ ಕಲ್ಲು ಸವೆಯುತ್ತದೆ, ನಿನ್ನ ತ್ಯಾಗ ವ್ಯರ್ಥವಾಗುವುದಿಲ್ಲ ಎಂದು ಸಮಾಧಾನ ಬೇರೆ. ಅವಳ ಗುಟ್ಟನ್ನು ಅವಳನ್ನು ಕೇಳದೆ ಆಫೀಸಿನ ಹಿರಿಯರಿಗೂ ಹೇಳಿಬಿಡುತ್ತಾರೆ. ಯುದ್ಧದ ನಂತರ ಗಂಡನನ್ನು ಕಳೆದುಕೊಂಡು ಅವಳು ಮತ್ತೆ ಕೆಲಸಕ್ಕೆ ನಿಂತಾಗ, ಕಷ್ಟದ ದಾರಿಗೆ ನಿನ್ನನ್ನು ಎಳೆದದ್ದು ನಾನೇ ಎಂದು ನೊಂದುಕೊಂಡು ಮನೆಪಾಠದ ಕೆಲಸ ಹುಡುಕಿ ಕೊಡಲು ಬರುತ್ತಾರೆ. ಅವಳಿಗೆ ಏನು ಬೇಕು ಎಂದು ಒಮ್ಮೆಯೂ ಕೇಳಲಿಲ್ಲ, ಅಲ್ವಾ?

ಇದು ನನಗೆ ಚೆನ್ನಾಗಿ ಗೊತ್ತಿರುವ ಒಳ್ಳೆಯತನ. ನಾನು ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದಾಗ ಹಿರಿಯರೊಬ್ಬರು ನನ್ನ ಮೇಲಿನ ಕಾಳಜಿಯಿಂದಲೇ ಸುಲಭದ ಕೆಲಸ ಕೊಟ್ಟರು. ನಾನು ಕೇಳಿಯೇ ಇರಲಿಲ್ಲ. ಬೈದವರ ಮೇಲಾದರೆ ಜಗಳ ಆಡಬಹುದು. ಪ್ರೀತಿಯಿಂದ ಪಕ್ಕಕ್ಕೆ ಸರಿಸುವವರ ಮುಂದೆ ಬಾಯೇ ಬರುವುದಿಲ್ಲ.

ಈಗ ಸಮಾರಂಭಕ್ಕೆ ಬನ್ನಿ. ಅಲ್ಲಿ ಹೊತಾಕಾ, ನಾನೂ ಒಂದು ಹನಿಯಷ್ಟೇ ಆಗಿದ್ದೆ ಅನ್ನುತ್ತಾರೆ. ಕೊನೆಗೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದವರು, ಗೌರವದಿಂದ ನಿವೃತ್ತರಾಗುತ್ತಿರುವವರು ಆಡುವ ಮಾತು ಅದು. ಹನಿಯಂತೆ ನಿಜವಾಗಿ ಬಿದ್ದುಹೋದವರು ಯಾರು? ತೊಮೊಕೊ ಜೊತೆ ಕಾನೂನು ಓದಿದ ಗೆಳತಿಯರು. ಬ್ಯಾರನ್ ಮನೆತನ ಉಳಿಸಲು ಓದು ಬಿಟ್ಟು ಮದುವೆಯಾದ ರ್ಯೋಕೊ. ಪರೀಕ್ಷೆಯ ದಿನವೇ ಗಂಡ ವಿಚ್ಛೇದನದ ಪತ್ರ ಕೈಗಿತ್ತ ಉಮೆಕೊ. ಪೊಲೀಸರ ಕಣ್ಣಿಗೆ ಬಿದ್ದು ಕೊರಿಯಾಕ್ಕೆ ಮರಳಬೇಕಾದ ಚೋಯ್ ಹ್ಯಾಂಗ್‌ಸುಕ್. ಗಂಡಸರ ಉಡುಪು ಬಿಡಲು ಒಪ್ಪದ ಕಾರಣಕ್ಕೆ ಮೌಖಿಕ ಪರೀಕ್ಷೆಯಲ್ಲಿ ಸೋತ ಯೊನೆ. ತಾನು ಪಾಸಾದ ಸಂಭ್ರಮದಲ್ಲೂ ತೊಮೊಕೊ ಇವರನ್ನೆಲ್ಲ ಮರೆಯಲಿಲ್ಲ. ಜಪಾನಿನ ಅತಿ ಶ್ರೇಷ್ಠ ಹೆಣ್ಣು ಎಂಬ ಹೊಗಳಿಕೆಯನ್ನು ಪತ್ರಕರ್ತರ ಮುಂದೆಯೇ ಬೇಡವೆಂದಳು. ಅಂಥವಳು ಆ ಮಾತು ಕೇಳಿಕೊಂಡು ನಗುತ್ತಾ ಹೂವು ಕೊಡುವುದಾದರೂ ಹೇಗೆ?

ಕಥೆ ಬರೆದ ಯೋಶಿದಾ ಎರಿಕಾ ಅವರನ್ನು ಇಲ್ಲಿ ಮೆಚ್ಚಲೇಬೇಕು. ಹೊತಾಕಾರನ್ನು ಅವರು ಕೆಟ್ಟವರನ್ನಾಗಿ ಮಾಡಲಿಲ್ಲ. ಸಮಾರಂಭಕ್ಕೆ ಸ್ವಲ್ಪ ಮುಂಚೆ ಒಂದು ಮೊಕದ್ದಮೆ ಬರುತ್ತದೆ. ಹೆತ್ತವರನ್ನು ಕೊಂದವರಿಗೆ ಬೇರೆ ಕೊಲೆಗಿಂತ ಜಾಸ್ತಿ ಶಿಕ್ಷೆ ಕೊಡುವುದು ಸಮಾನತೆಗೆ ವಿರುದ್ಧವಾ ಎಂಬ ಪ್ರಶ್ನೆ. 15 ಜನ ನ್ಯಾಯಾಧೀಶರಲ್ಲಿ ವಿರುದ್ಧ ಎಂದವರು ಇಬ್ಬರು, ಅವರಲ್ಲಿ ಹೊತಾಕಾ ಒಬ್ಬರು. 1950ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿಜವಾಗಿಯೂ ಹೀಗೇ ನಡೆದಿತ್ತು. ಆ ಇಬ್ಬರ ಕಡೆಗೆ ಕೋರ್ಟು ಬಂದದ್ದು 1973ರಲ್ಲಿ. ತೀರ್ಪಿನಲ್ಲಿ ಅಷ್ಟು ಮುಂದೆ ನೋಡಿದ ಮನುಷ್ಯ ಎದುರಿಗೆ ಕೂತ ಶಿಷ್ಯೆಯ ಮನಸ್ಸು ತಿಳಿಯಲಿಲ್ಲ. ಎರಡೂ ಒಬ್ಬರಲ್ಲೇ ಇದ್ದವು. ಹಾಗಾಗಿ ಅವಳಿಗೆ ಅವರ ಮೇಲೆ ಋಣವೂ ಇದೆ, ಸಿಟ್ಟೂ ಇದೆ. ಒಂದು ಇದೆ ಎಂದು ಇನ್ನೊಂದನ್ನು ನುಂಗಿಕೊಳ್ಳಬೇಕಾ? ನನ್ನ ಪ್ರಕಾರ ಬೇಡ.

ಅವಳು ಸಿಟ್ಟು ಮಾಡಿಕೊಂಡದ್ದರಿಂದ ಸಂಬಂಧ ಮುರಿಯಲೂ ಇಲ್ಲ. ಮುಂದಿನ ಕಂತಿನಲ್ಲಿ ಹೊತಾಕಾ ತಾವಾಗಿಯೇ ಅವಳನ್ನು ಕಾಣಲು ಬರುತ್ತಾರೆ. ಇಬ್ಬರೂ ಕೂತು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಸುಮ್ನೆ ಹೂವು ಕೊಟ್ಟು ಫೋಟೊ ತೆಗೆಸಿಕೊಂಡಿದ್ದರೆ ಆ ಮಾತುಕತೆ ನಡೆಯುತ್ತಲೇ ಇರಲಿಲ್ಲ. ಸಮಾರಂಭದ ಕಂತನ್ನೂ ಅದರ ಮುಂದಿನದನ್ನೂ ಒಟ್ಟಿಗೆ ಇನ್ನೊಮ್ಮೆ ನೋಡಿ. ಒಂದೊಂದು ಕಂತು ಹದಿನೈದೇ ನಿಮಿಷ. ಆಮೇಲೂ ತೊಮೊಕೊದೇ ತಪ್ಪು ಅನ್ನಿಸಿದರೆ ಖಂಡಿತ ಬರೆಯಿರಿ.